ಹಳೆ ಗಾಜಿನ ಸೊನ್ನೆ

ಬುಧವಾರ, ಹದಿನಾಲ್ಕನೇ ತಾರೀಖು

ಲ್ಯಾಬಿನ ಮುಖ್ಯಸ್ಥರೂ, ಕಾಗದದ ಮೇಲೆ ಇನ್ನೂ ನನ್ನ ಗಂಡನೂ ಆಗಿರುವ ಡಾಕ್ಟರ್ ಸಾಹೇಬರಿಗೆ,

ನಮಸ್ಕಾರ. ನೀವು ನನ್ನ ಫೋನ್ ಎತ್ತುವುದಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡುತ್ತೀರಿ. ಅದಕ್ಕೇ ಈ ಪತ್ರ. ನಿಮ್ಮ ಬಗ್ಗೆ ಅಲ್ಲ, ಹಿಗ್ಗಬೇಡಿ. ಕಳೆದ ವರ್ಷ ಆಪರೇಷನ್ ಆದ ವಾರವೇ ನೀವು ನನ್ನ ಬಳಿ ಬಿಟ್ಟುಹೋದ ನಿಮ್ಮಮ್ಮನ ಬಗ್ಗೆ.

ಅವರ ಶ್ವಾಸಕೋಶದ ಗಡ್ಡೆ ಮತ್ತೆ ಬಂದಿದೆ. ನಿಮಗೆ ಗೊತ್ತಿಲ್ಲ, ಕೇಳಿದ್ದರಲ್ಲವೇ ಗೊತ್ತಾಗುವುದು? ಕ್ಯಾನ್ಸರ್ ಡಾಕ್ಟರು ಪಿಡಿ-ಎಲ್ ಒನ್ ಪರೀಕ್ಷೆ ಬರೆದರು. ಕ್ಯಾನ್ಸರ್ ಕೋಶ ಆ ಪ್ರೋಟೀನನ್ನು ಮೈಮೇಲೆ ಹೊತ್ತು ದೇಹದ ಕಾವಲು ಕೋಶಗಳನ್ನು ಸುಮ್ಮನಾಗಿಸುತ್ತದೆ, ಹೊಸ ಔಷಧಿ ಆ ಮೋಸ ತಡೆದು ಕಾವಲಿನವರನ್ನು ಎಬ್ಬಿಸುತ್ತದೆ ಎಂದು ಅತ್ತೆಗೆ ವಿವರಿಸಿದೆ. "ಅಂದ್ರೆ ಕಳ್ಳ ನೆಂಟರ ವೇಷದಲ್ಲಿ ಒಳಗೆ ಕೂತಿದಾನೆ ಅನ್ನು. ನನ್ನ ಮಗ ಹಿಡೀತಾನೆ ಬಿಡು" ಅಂದರು.

ಮಗ ಹಿಡಿದದ್ದು ಸೊನ್ನೆ. ನೂರರಲ್ಲಿ ಒಂದು ಕೋಶದಲ್ಲೂ ಆ ಪ್ರೋಟೀನ್ ಇಲ್ಲ ಎಂದು ನಿಮ್ಮ ವರದಿ. ಹಾಗಾದರೆ ಹೊಸ ಔಷಧಿ ಇಲ್ಲ. ಕೀಮೋ ತಡೆಯುವ ಹೃದಯ ಅವರದಲ್ಲ.

ಮೇಣದ ಬ್ಲಾಕಿನಲ್ಲಿ ಹುದುಗಿಸಿಟ್ಟ ಅವರ ಗಡ್ಡೆಯಿಂದ ತೆಳುವಾಗಿ ಕತ್ತರಿಸಿ ಅಂಟಿಸಿದ, ನೀವು ಸೊನ್ನೆ ಕಂಡ ಆ ಗಾಜನ್ನು ನಾನು ತೆಗೆದು ನೋಡಿದೆ. ನೋಡಿದ ಕೂಡಲೇ ಗುರುತಿಸಿದೆ. ಕಳೆದ ವರ್ಷ ಕತ್ತರಿಸಿ ಟ್ರೇಯಲ್ಲಿ ಬಿಟ್ಟದ್ದು. ನಾನು ರಜೆಯಲ್ಲಿದ್ದ ದಿನ, "ಬ್ಲಾಕ್ ಕತ್ತರಿಸ್ತಾ ಕೂರಬೇಡಿ, ಟ್ರೇಯಲ್ಲಿರೋದನ್ನೇ ಹಾಕಿ" ಎಂದಿರಂತೆ. ಕತ್ತರಿಸಿಟ್ಟ ಗಾಜಿನ ಮೇಲೆ ಆ ಪ್ರೋಟೀನ್ ಮಾಸುತ್ತದೆ, ಎರಡು ತಿಂಗಳು ದಾಟಿದ್ದನ್ನು ಮುಟ್ಟಬೇಡಿ ಎಂದು ಕೆಂಪಕ್ಷರದಲ್ಲಿ ಗೋಡೆಗೆ ಅಂಟಿಸಿದವರು ಯಾರು? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಚೀಟಿಯ ಮೇಲಿನ ಅಮ್ಮನ ಹೆಸರು ಓದಿದ್ದರೆ ಹೊಸ ಗಾಜು ಕೇಳುತ್ತಿದ್ದಿರೇನೋ. ಹೆತ್ತವಳಿಗೆ ಹೊಸದು, ಊರವರಿಗೆ ಹಳಸಲು! ಇದಕ್ಕೇ ನಿಮ್ಮನ್ನು ಕಂಡರೆ ನನಗೆ ಅಸಹ್ಯ.

ಸೋಮವಾರ ಅದೇ ಮೇಣದ ಬ್ಲಾಕಿನಿಂದ ಹೊಸದು ಕತ್ತರಿಸಿ ಬಣ್ಣ ಹಾಕಿದೆ. ನೂರರಲ್ಲಿ ಎಪ್ಪತ್ತು ಕೋಶಗಳು ಕಂದು ಬಣ್ಣಕ್ಕೆ ತಿರುಗಿವೆ, ಅಂದರೆ ಆ ಪ್ರೋಟೀನ್ ಇದೆ. ಎಣಿಸಿದ್ದು ನಿಮ್ಮ ಜೂನಿಯರ್, ನನ್ನ ಮಾತು ನಂಬಬೇಡಿ. ಅವಳು ತಿದ್ದುಪಡಿಯ ಫಾರಂ ತಂದರೆ, ಆಗಲೂ ಹೆಸರು ಓದದೆ, "ಮನೆ ಜಗಳ ಲ್ಯಾಬಿಗೆ ತರಬೇಡ ಅಂತ ಹೇಳು ಅವಳಿಗೆ" ಎಂದು ವಾಪಸು ಕಳಿಸಿದಿರಿ. ಜಗಳವೂ ಇಲ್ಲ, ಮಣ್ಣೂ ಇಲ್ಲ. ಫಾರಂನಲ್ಲಿರುವ 'ತಪ್ಪಿಗೆ ಕಾರಣ' ಎಂಬ ಒಂದು ಸಾಲಿಗೆ ನಿಮಗೆ ಹೆದರಿಕೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕ್ಯಾನ್ಸರ್ ಡಾಕ್ಟರು ಔಷಧಿಯ ಕೊನೆಯ ತೀರ್ಮಾನ ಮಾಡುತ್ತಾರೆ. ನಿಮ್ಮ ಸಹಿ ಇಲ್ಲದೆ ಆ ಎಪ್ಪತ್ತನ್ನು ಯಾರೂ ಒಪ್ಪುವುದಿಲ್ಲ. ಫಾರಂ ಇದರ ಜೊತೆಗಿದೆ. ಪೆನ್ನನ್ನೂ ಇಟ್ಟಿದ್ದೇನೆ, ಆ ನೆಪವೂ ಬೇಡ.

ಇಂತಿ,
'ನಿಮ್ಮವಳು' ಎಂದು ಬರೆಯಲು ಕೈ ಬಾರದ,
ಗಾಜು ಕತ್ತರಿಸುವವಳು

ತಾ.ಕ.: ಫಾರಂ ತಿರುಗಿಸಿ ನೋಡಿ, ಕಾರಣದ ಸಾಲು ಖಾಲಿ ಇಲ್ಲ, ನನ್ನ ಹೆಸರಿನಲ್ಲೇ ತುಂಬಿದ್ದೇನೆ. ಆ ಗಾಜುಗಳ ಮೇಲೆ ತಾರೀಖೇ ಇರಲಿಲ್ಲ; ಎಷ್ಟು ಹಳೆಯದೆಂದು ನಿಮಗೂ ತಿಳಿಯುವಂತಿರಲಿಲ್ಲ. ಕತ್ತರಿಸಿದವಳು ನಾನು, ನೀವು ಸೂಟ್‌ಕೇಸ್ ಹಿಡಿದು ಹೊರಟ ದಿನ. ಅಂದು ನನಗೆ ತಾರೀಖು ಬರೆಯುವಷ್ಟು ಕಣ್ಣು ಕಾಣುತ್ತಿರಲಿಲ್ಲ. ನಿನ್ನೆ ಅತ್ತೆಗೆ ಹೇಳಿಕೊಂಡೆ. ಬೈಯಲಿಲ್ಲ. "ಅವನಿಗೆ ಮಾತ್ರ ಹೇಳಬೇಡ ಕಣೇ, ನಿನ್ನ ಕೆಲಸ ಹೋಗುತ್ತೆ" ಅಂದರು. ಹೇಳಿದ್ದೇನೆ. ಸಹಿ ಹಾಕಿ.