ಕಾಣದ ಮೈನಸ್

ಜನವರಿ 6, ಸೋಮವಾರ

ಸೆಕೆಂಡ್ ಪಿಯುಗೆ ಇಂಟಿಗ್ರೇಷನ್. ಬೋರ್ಡಿನ ತುಂಬ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹಿಂದಿನ ಬೆಂಚಿನಿಂದ ಪಿಸುಮಾತು—"ಮಮತಾ ಮಿಸ್ಸಾದ್ರೆ ಇದ್ನ ಕಂಪ್ಯೂಟರಲ್ಲೇ ತೋರಿಸ್ತರೆ ಕಣೆ." ಕೇಳಿಸದವಳಂತೆ ಇದ್ದೆ.

ಮಮತಾ ಸೋಲೂರಿನವಳು. ಬಂದದ್ದು ಮೊನ್ನೆ ಜೂನ್‌ನಲ್ಲಿ. ನಾನು ಚನ್ನಪಟ್ಟಣದ ಈ ಕಾಲೇಜಿನಲ್ಲೇ ಕೂದಲು ನರೆಸಿಕೊಂಡವಳು. ಆದರೂ ಈ ಸಲ ಟೆಸ್ಟ್ ತಯಾರಿಸುವ ಕೆಲಸ ಅವಳಿಗೆ. ಲ್ಯಾಬಿನ ಕಂಪ್ಯೂಟರಿನಲ್ಲೇ ಪರೀಕ್ಷೆಯಂತೆ. ಸೂತ್ರಗಳನ್ನೆಲ್ಲ ಟೈಪ್ ಮಾಡಿ, ಒಂದೊಂದನ್ನೂ ಚಿತ್ರವಾಗಿಸಿ ಪ್ರಶ್ನೆಯೊಳಗೆ ಕೂರಿಸಿದ್ದಾಳೆ. ಪುಸ್ತಕದಲ್ಲಿ ಅಚ್ಚಾದ ಹಾಗಿದೆ. ನೋಡಿದಷ್ಟೂ ಹೊಟ್ಟೆ ಉರಿಯಿತು.

ಟೆಸ್ಟಿನಲ್ಲಿ ಮೊದಲು ಬಂದ ಇಬ್ಬರಿಗೆ ರಾಮನಗರದಲ್ಲಿ ಸಿಇಟಿ ಕೋಚಿಂಗ್, ಪುಕ್ಕಟೆ. ನಿಖಾತ್‌ಗೆ ಸಿಗಬೇಕು. ನಾನು ತಿದ್ದಿದ ಹುಡುಗಿ... ಈಚೆಗೆ ಅವಳೂ ಡೌಟ್ ಕೇಳಲು ಮಮತಾಳ ಟೇಬಲ್ಲಿಗೇ ಹೋಗುತ್ತಾಳೆ.

ಜನವರಿ 9, ಗುರುವಾರ

ಟೆಸ್ಟ್ ಆಯಿತು. ಏಳನೇ ಪ್ರಶ್ನೆಯದ್ದೇ ಗಲಾಟೆ. e-ಯ ತಲೆಯ ಮೇಲೆ ಮೈನಸ್ x ಇರಬೇಕು. ಮೈನಸ್ಸೇ ಇರಲಿಲ್ಲ ಎಂದು ಕೆಲವರು, ಇತ್ತು ಎಂದು ಕೆಲವರು.

ಪ್ರಿನ್ಸಿಪಾಲ್ ಬೋರಲಿಂಗಯ್ಯನವರು ಮಮತಾಳನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

"ಅರ್ಧ ಐಕ್ಳು ಐತೆ ಅಂತವೆ, ಅರ್ಧ ಇಲ್ಲ ಅಂತವೆ. ಎರಡು ಥರ ಪ್ರಶ್ನೆ ಹಾಕ್ಬುಟ್ಯೇನಮ್ಮ?"

"ಇಲ್ಲ ಸಾರ್, ಒಂದೇ ಫೈಲು. ನನ್ನ ಲ್ಯಾಪ್‌ಟಾಪಲ್ಲಿ ಸರ್ಯಾಗೈತೆ, ನೋಡಿ."

ಸರಿಯಾಗಿಯೇ ಇತ್ತು. ಚಿತ್ರವನ್ನು ಮತ್ತೆ ಅಪ್‌ಲೋಡ್ ಮಾಡಿದಳು, ಬ್ರೌಸರ್ ಬದಲಾಯಿಸಿ ನೋಡಿದಳು. ಎಲ್ಲಿ ತಪ್ಪಿದೆ ಎಂದು ತಿಳಿಯಲಿಲ್ಲ. ಕಣ್ಣು ಕೆಂಪಾಗಿತ್ತು.

ನಿಖಾತ್ ಮೂರನೆಯವಳು. ಒಂದು ಅಂಕಕ್ಕೆ ಕೋಚಿಂಗ್ ಹೋಯಿತು.

ಮನೆಯಲ್ಲಿ ಒಬ್ಬಟ್ಟು ಮಾಡಿದೆ. ಯಜಮಾನರು ನಕ್ಕರು. "ಏನು, ಹಬ್ಬ ಈಗ್ಲೇ ಬಂತಾ?"

ಜನವರಿ 10, ಶುಕ್ರವಾರ

ಕಾಲೇಜು ಬಿಟ್ಟ ಮೇಲೆ ಲ್ಯಾಬಿಗೆ ಹೋದೆ. ಅವಳ ತಪ್ಪನ್ನು ನಾನೇ ಹಿಡಿಯಬೇಕೆಂಬ ಆಸೆ. ಹಿಂದಿನ ಸಾಲಿನಲ್ಲಿ, ನಿಖಾತ್ ಕೂತಿದ್ದ ಕಂಪ್ಯೂಟರಿನಲ್ಲಿ ಏಳನೇ ಪ್ರಶ್ನೆ ತೆಗೆದೆ. ಮೈನಸ್ ಇಲ್ಲ.

ಆ ಸಾಲಿನವೆಲ್ಲ ಹಳೆಯ ಸಣ್ಣ ಮಾನಿಟರ್. ಪುಟ ಪೂರ್ತಿ ಹಿಡಿಸಲೆಂದು ಯಾರೋ ಜೂಮ್ ಕಡಿಮೆ ಮಾಡಿಟ್ಟಿದ್ದಾರೆ. ಸುಮ್ಮನೆ ದೊಡ್ಡದು ಮಾಡಿದೆ—ಮೈನಸ್ ಬಂತು. ಚಿಕ್ಕದು ಮಾಡಿದೆ—ಹೋಯಿತು. ಕೂದಲೆಳೆಯಂಥ ಗೆರೆ. ಚಿತ್ರ ಕುಗ್ಗಿದರೆ ಅದಕ್ಕೆ ಪರದೆಯ ಮೇಲೆ ಜಾಗವೇ ಉಳಿಯುವುದಿಲ್ಲ. ಮುಂದಿನ ಸಾಲಿನ ಹೊಸ ಮಾನಿಟರ್‌ಗಳಲ್ಲಿ ಎಲ್ಲ ಸರಿ.

ಅವಳ ಪ್ರಶ್ನೆಯಲ್ಲಿ ತಪ್ಪೇ ಇಲ್ಲ. ಇದಕ್ಕಿಂತ ಬೇಸರದ ಸಂಗತಿ ಬೇರೆ ಇರಲಿಲ್ಲ.

ಕಂಪ್ಯೂಟರ್ ಆರಿಸಿ ಬಂದೆ. ಯಾರಿಗೂ ಹೇಳಲಿಲ್ಲ.

ಜನವರಿ 16, ಗುರುವಾರ

ಸಂಕ್ರಾಂತಿ ಕಳೆಯಿತು. ಮಮತಾ ಎಳ್ಳು ಬೆಲ್ಲ ಕೊಟ್ಟಳು. ತಗೊಂಡೆ, ತಿನ್ನಲಿಲ್ಲ.

ಪ್ರಿನ್ಸಿಪಾಲ್ ಹೇಳಿದರು—"ಮುಂದ್ಕೆ ಟೆಸ್ಟೆಲ್ಲ ನೀವೇ ನೋಡ್ಕಳಿ ಭಾನುಪ್ರಿಯ ಮೇಡಂ. ಆ ಹುಡ್ಗಿ ಕೈಲಾಗಲ್ಲ." ಬೇಕಾಗಿದ್ದ ಮಾತು. ಕೇಳಿ ತಲೆಯಾಡಿಸಿದೆ. ರಾಮನಗರಕ್ಕೆ ಎರಡು ಹೆಸರು ಸೋಮವಾರ ಹೋಗುತ್ತವೆ.

ಸ್ಟಾಫ್ ರೂಮಿನಲ್ಲಿ ಮಮತಾಳ ಟೇಬಲ್ ಸುತ್ತ ಯಾರೂ ಇರಲಿಲ್ಲ. ನನ್ನ ಟೇಬಲ್ಲಿಗೂ ಯಾರೂ ಬರಲಿಲ್ಲ.

ಜನವರಿ 17, ಶುಕ್ರವಾರ

ಕಾರಿಡಾರಿನಲ್ಲಿ ನಿಖಾತ್ ಕಾಯುತ್ತಿದ್ದಳು.

"ಮಿಸ್, ಅವತ್ತು ಲ್ಯಾಬಲ್ಲಿ ಬ್ಯಾಗ್ ಮರ್ತಿದ್ದೆ. ತಗೊಳ್ಳೋಕೆ ಬಂದಾಗ ನೀವಿದ್ರಿ. ದೊಡ್ಡದು ಮಾಡಿದ್ರಿ, ಮೈನಸ್ ಬಂತು."

ಕೈಯಲ್ಲಿದ್ದ ಅಟೆಂಡೆನ್ಸ್ ಪುಸ್ತಕವನ್ನು ಇನ್ನೊಂದು ಕೈಗೆ ಬದಲಿಸಿದೆ.

"ನೀವೇ ಹೇಳ್ತೀರ ಅಂತ ಇಷ್ಟು ದಿನ ಕಾದೆ ಮಿಸ್."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗದರಿಸಿ ಕಳಿಸುತ್ತಿದ್ದೆ.

"ಮಮತಾ ಮಿಸ್‌ಗೆ ಹೇಳಿದೀಯಾ?" ಕೇಳಿದೆ. ಬಾಯಿಗೆ ಮೊದಲು ಬಂದದ್ದು ಅದೇ. ಇಲ್ಲವೆಂದು ತಲೆಯಾಡಿಸಿ ಕ್ಲಾಸಿಗೆ ಹೋದಳು.

ಜನವರಿ 18, ಶನಿವಾರ

ಬೆಳಿಗ್ಗೆಯೇ ಪ್ರಿನ್ಸಿಪಾಲರನ್ನೂ ಮಮತಾಳನ್ನೂ ಲ್ಯಾಬಿಗೆ ಕರೆದುಕೊಂಡು ಹೋದೆ. ಚಿಕ್ಕದು ಮಾಡಿ, ದೊಡ್ಡದು ಮಾಡಿ ತೋರಿಸಿದೆ. ಬೋರಲಿಂಗಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಅಯ್ಯೋ, ಇಷ್ಟೇಯಾ." ಏಳನೇ ಪ್ರಶ್ನೆಯನ್ನು ಎಲ್ಲರಿಗೂ ಕೈಬಿಟ್ಟರು. ನಿಖಾತ್ ಎರಡನೆಯವಳಾದಳು. ಹೆಸರು ಹೋಗುತ್ತದೆ. "ಟೆಸ್ಟ್ ನೀನೇ ಮಾಡಮ್ಮ ಮುಂದ್ಕೂ," ಎಂದು ಮಮತಾಳಿಗೆ ಹೇಳಿ ಹೊರಟರು. ಅಷ್ಟರಲ್ಲೇ, ಅಲ್ಲೇ ನಿಂತಿರುವಾಗಲೇ, ನನ್ನ ಹೊಟ್ಟೆ ಮತ್ತೆ ಉರಿಯಿತು.

ಮಮತಾ ನನ್ನ ಕೈ ಹಿಡಿದುಕೊಂಡಳು. "ರಾತ್ರಿಯೆಲ್ಲ ನಿದ್ದೆ ಇರ್ಲಿಲ್ಲ ಮೇಡಂ. ನಂದೇ ತಪ್ಪು ಅನ್ಕಂಡಿದ್ದೆ. ನಿಮ್ಗೆ ಯಾವಾಗ ಗೊತ್ತಾಯ್ತು?"

"ಇವತ್ತೇ," ಎಂದೆ. "ಬೆಳಿಗ್ಗೆ."

ತಿರುಗಿದರೆ ಬಾಗಿಲಲ್ಲಿ ನಿಖಾತ್. ಕೇಳಿಸಿಕೊಂಡಿದ್ದಳು. ಮಮತಾಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ, ಲ್ಯಾಬಲ್ಲಿ ಬ್ಯಾಗ್ ಮರೆತ ದಿನದ ಮಾತೆತ್ತದೆ, ಮಮತಾಳಿಗೆ ಮಾತ್ರ "ಥ್ಯಾಂಕ್ಸ್ ಮಿಸ್" ಎಂದು ಹೇಳಿ ಕ್ಲಾಸಿಗೆ ಹೋದಳು.