ದೊರೆ ಮಗುವಿನ ಗೋರಿ

ಶಿಡ್ಲಘಟ್ಟ, ೧೯೫೮

ಅಮ್ಮಾಜಿ,

ಈ ಕಾಗದ ಅಂಚೆಗೆ ಹಾಕಲ್ಲ, ಬರೀತೀನಿ ಅಷ್ಟೆ.

ನಮ್ಮೂರ ಚರಿತ್ರೆ ಬರೆಯೋರೊಬ್ಬರು ಇವತ್ತು ಬೆಂಗಳೂರಿಂದ ಬಂದಿದ್ರು. ಮೇಷ್ಟ್ರು ಅಂತ ನನ್ನನ್ನೇ ಜೊತೆಗೆ ಕರೆದ್ರು. ಹಳೇ ಬಂಗಲೆ ತೋರಿಸಿ, ಹಿಂದಿರೋ ದೊರೆ ಮಗುವಿನ ಗೋರಿಗೆ ಕರ್ಕೊಂಡು ಹೋದೆ. ರೇಷ್ಮೆ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಸಿದ ಬಿಳೀ ದೊರೆಯ ಕೂಸು, ತೊಟ್ಟಿಲಲ್ಲೇ ತೀರ್ಕೊಂಡಿದ್ದು ಅಂತ ಹೇಳ್ದೆ.

"ಬಿಸ್ಕತ್ತು ಯಾಕ್ರೀ ಇಟ್ಟಿದಾರೆ?" ಅಂದ್ರು.

ಚೊಚ್ಚಲ ಹೆರಿಗೆ ಆದ ನಮ್ಮೂರ ಹೆಣ್ಣುಮಕ್ಕಳು, ಆ ಮಗು ತಮ್ಮ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಡದಿರ್ಲಿ ಅಂತ ಬಿಸ್ಕತ್ತಿಟ್ಟು, ಕೂಸಿನ ಬಟ್ಟೆಯದೊಂದು ಚೂರು ಗೋರಿ ಸುತ್ತಿನ ಕಂಬಿಗೆ ಕಟ್ತಾರೆ ಅಂದೆ. ಹಾಗಂತಾನೇ ಕಂಬಿ ನೋಡ್ದೆ.

ತೀರಿಹೋದ ನಿಮ್ಮಮ್ಮನ ಹಸಿರು ಚೌಕುಳಿ ಸೀರೆಯ ಚೂರು ಕಣಮ್ಮ. ಅವನ ಜೊತೆ ಚಿಂತಾಮಣಿಗೆ ಹೊರಟಾಗ ಈ ಮನೆಯಿಂದ ನೀನು ತಗೊಂಡು ಹೋಗಿದ್ದು ಆ ಸೀರೆಯೊಂದೇ.

"ಹೊಸದಾಗಿ ಕಟ್ಟಿದ ಹಾಗಿದೆ, ಯಾರದ್ರೀ?" ಅಂದ್ರು.

"ಯಾರದೋ ಸ್ವಾಮಿ" ಅಂದೆ.

ಗೋರಿ ಹತ್ರ ನಿಂತ್ರೆ ನಮ್ಮನೆ ಬಾಗಿಲು ಕಾಣತ್ತೆ. ನೀನು ಕೂಸನ್ನ ಎತ್ಕೊಂಡು ಅಲ್ಲಿಂದಲೇ ಹಿಂದಕ್ಕೆ ಹೋಗಿದೀಯ. ಹೊಸ್ತಿಲು ತುಳೀಬೇಡ ಅಂದಿದ್ದೆನಲ್ಲ, ಅದೊಂದು ಮಾತು ಕೇಳಿದೀಯ.

ಗಂಡೋ ಹೆಣ್ಣೋ, ಆ ದೊರೆ ಮಗೂಗೆ ಗೊತ್ತು. ನನಗೆ ಗೊತ್ತಿಲ್ಲ.