ಪರವಾನಗಿಗಾಗಿ ಕಾದ ದೋಣಿಗಳು

ಡಚ್ ಹಾರ್ಬರ್, ಅಲಾಸ್ಕ
9 ನವೆಂಬರ್ 2013

ಪ್ರೀತಿಯ ತಂಗಿ ಸಿಗ್ರಿಡ್‌ಗೆ,

ನಿನ್ನ ಅಣ್ಣನ ಆಶೀರ್ವಾದಗಳು. ನಿನ್ನ ಎಮೆಟ್ ಆಸ್ಪತ್ರೆಯಿಂದ ಮನೆಗೆ ಬಂದು ವಾರವಾಯಿತೆಂದು ಗೊತ್ತು. ಇಷ್ಟು ದಿನ ಬರೆಯದೆ ಕೂತದ್ದಕ್ಕೆ ಬೈದುಕೋ. ಫೋನಿನಲ್ಲಿ ನಿನ್ನ ದನಿ ಕೇಳುವ ಧೈರ್ಯ ನನಗಿರಲಿಲ್ಲ. ಆ ಕೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆಯಂತೆ. ಗಾಯ ಮಾಯುತ್ತಿದೆಯೇ? ಊರಿನಲ್ಲಿ ಅವನು ಮಾಡುವ ಬಡಗಿ ಕೆಲಸಕ್ಕೆ ಎರಡೇ ಬೆರಳಿನ ಕೈ ಸಾಕೇ ಎಂದು ಕೇಳಲು ನನಗೆ ಬಾಯಿಲ್ಲ.

ಅಕ್ಟೋಬರ್ ಒಂದಕ್ಕೆ ವಾಷಿಂಗ್ಟನ್ನಿನವರು ಜಗಳವಾಡಿಕೊಂಡು ಸರ್ಕಾರಕ್ಕೇ ಬೀಗ ಹಾಕಿದರಲ್ಲ, ಏಡಿ ಹಿಡಿಯಲು ಪರವಾನಗಿ ಬರೆದುಕೊಡುವವರೂ ಮನೆಯಲ್ಲಿ ಕೂತರು. ಹದಿನೈದಕ್ಕೆ ಹೊರಡಬೇಕಿದ್ದ ದೋಣಿಗಳೆಲ್ಲ ದಡದಲ್ಲೇ ನಿಂತವು. ಏಡಿ ಬೇಯಿಸುವ ಕಾರ್ಖಾನೆಗೆಂದು ಮನಿಲಾದಿಂದ ಬಂದ ಕೊರಾ ದಿನಾ ಬಂದು ಕೇಳುತ್ತಿದ್ದಳು: "ಕ್ಯಾಪ್ಟನ್, ಕಾಗದ ಬಂತಾ? ನಿಮಗೆ ಬಂದ್ರೆ ತಾನೇ ನಮಗೆ ಕೆಲಸ? ಹಾಸಿಗೆ ಮೇಲೆ ಬಿದ್ಕೊಂಡು ಬೆನ್ನು ನೋಯ್ತಿದೆ." ಹೊಸವರ್ಷದ ಊಟಕ್ಕೆ ನಮ್ಮ ಏಡಿ ಕೊಳ್ಳುವ ಜಪಾನಿನವರು, ತಡವಾದರೆ ರಷ್ಯದಿಂದ ತರಿಸಿಕೊಳ್ಳುತ್ತೇವೆಂದು ಹೇಳಿಕಳಿಸಿದರು.

ಕಾಗದ ಕೈಗೆ ಬರುವಷ್ಟರಲ್ಲಿ ನಾಲ್ಕು ದಿನ ಹೋಗಿದ್ದವು. ಕಳೆದ ದಿನಗಳನ್ನು ಸಮುದ್ರದಲ್ಲೇ ಹಿಂದಕ್ಕೆ ಪಡೆಯುತ್ತೇನೆಂದು ಎಮೆಟ್‌ನನ್ನೂ ಕರೆದುಕೊಂಡು ಹೊರಟೆ. ಎರಡನೆಯ ದಿನ ಗಾಳಿ ಎದ್ದಿತು. ನೀರಿನಿಂದ ಮೇಲೆತ್ತಿದ್ದ, ಏಡಿ ಹಿಡಿಯುವ ಕಬ್ಬಿಣದ ಬೋನು ತೂಗಾಡುತ್ತ ಬಂದು ಎಮೆಟ್‌ನ ಕೈಯನ್ನು ದೋಣಿಯಂಚಿನ ಕಂಬಿಗೆ ಒತ್ತಿ ಜಜ್ಜಿತು.

ದಡಕ್ಕೆ ಬಂದ ಮೇಲೆ ಸಿಕ್ಕವರಿಗೆಲ್ಲ, "ಸರ್ಕಾರ ನನ್ನ ತಂಗಿ ಗಂಡನ ಬೆರಳು ತಿಂದ್ಬಿಡ್ತು" ಎಂದೆ. ಎಲ್ಲರೂ ಹೌದೆಂದರು. ಬೈಯಲು ಅಷ್ಟು ದೊಡ್ಡದೊಂದು ಸಿಕ್ಕಿದ್ದು ನನಗೆ ಅನುಕೂಲವೇ ಆಯಿತು.

ನಿಮ್ಮಿಬ್ಬರನ್ನೂ ದೇವರು ಕಾಯಲಿ. ಮಕ್ಕಳ ತಲೆ ಸವರಿದೆನೆಂದು ಹೇಳು.

ನಿನ್ನ ಅಣ್ಣ,
ಹಾಲ್ವರ್ಡ್

ತಾ.ಕ.: ಕಾಲು ಜಾರಿತೆಂದು ಎಮೆಟ್ ನಿನಗೆ ಹೇಳಿದ್ದಾನೆ. ಜಾರಲಿಲ್ಲ, ಸಿಗ್ರಿಡ್. ಆ ಬೆಳಿಗ್ಗೆ ಅವನು ನನ್ನ ಬಳಿ ಬಂದು, "ಭಾವ, ಇವತ್ತು ಬೋನು ಎತ್ತೋದು ಬೇಡ. ಅಲೆ ನೋಡಿ. ನಾಳೆ ಎತ್ತೋಣ" ಎಂದ. "ಹೆದರಿಕೆ ಆದ್ರೆ ಒಳಗೆ ಹೋಗಿ ಈರುಳ್ಳಿ ಹೆಚ್ಚು. ತಂಗಿ ಗಂಡ ಅಂತ ಕರ್ಕೊಂಡು ಬಂದೆನಲ್ಲ, ನಂದೇ ತಪ್ಪು" ಎಂದು ಉಳಿದವರ ಎದುರಿಗೇ ಹಂಗಿಸಿದೆ. ಅವನು ಕೈಗವಸು ಏರಿಸಿಕೊಂಡು ಬೋನು ಎತ್ತಲು ಹೋದ. ಆಸ್ಪತ್ರೆಗೆ ಒಯ್ಯಲು ಬಂದ ಹೆಲಿಕಾಪ್ಟರಿಗೆ ಹತ್ತಿಸುವ ಮುಂಚೆ ನನ್ನನ್ನು ಬಗ್ಗಿಸಿಕೊಂಡು ಹೇಳಿದ: "ಕಾಲು ಜಾರ್ತು ಅಂತೀನಿ, ಭಾವ. ಅಣ್ಣ ತಂಗಿ ಮಾತು ಬಿಡೋದು ಬೇಡ."

ನಾನು ಆಗಲಿ ಎಂದೆ.